ಬಾಲದ ಕೆಳಗೆ ಒಂದು ಬೆರಳು ಜಾಗ

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಬಾಲದಣ್ಣ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಫೋಟೋ ಸ್ಟುಡಿಯೊ ಎಲ್ಲಿ ಎಂದು ಹೊಸಬರು ಕೇಳಿದರೆ ಮೂಲೆಯ ಕ್ಷೌರದವನು ಕತ್ತರಿ ನಿಲ್ಲಿಸದೆಯೇ "ಬಾಲದಣ್ಣನ ಅಂಗಡೀನಾ? ಬಲಗಡೆ ಮೂರನೇದು" ಎನ್ನುತ್ತಾನೆ. ವಾರವೆಲ್ಲ ಗುರುತಿನ ಚೀಟಿಗೆ ಜನರ ಮುಖ ತೆಗೆಯುವುದು, ಭಾನುವಾರ ಬಂದರೆ ಉದ್ದ ಬಾಲದ ಹಕ್ಕಿಗಳ ಹಿಂದೆ ಬೀಳುವುದು, ಇಪ್ಪತ್ತೆರಡು ವರ್ಷದಿಂದ ಅವನ ಬದುಕು ಇಷ್ಟೇ. ಮದುವೆ ಮಾಡಿಕೊಳ್ಳೋ ಎಂದು ಅಮ್ಮ ಇರುವಷ್ಟು ದಿನವೂ ಗೋಗರೆದಳು. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಂಗಡಿಯ ಮುಂದಿನ ಮೇಜು ನೋಡಿಕೊಳ್ಳುವವಳು ನಾನು, ಅವನ ತಂಗಿ.

ಅವನಿಗೆ ಹುಚ್ಚು ಹಿಡಿಸಿದ್ದು ಒಂದು ಬಿಳಿ ಹಕ್ಕಿ. ಕಪ್ಪು ತಲೆ, ಗೇಣುದ್ದವೂ ಇಲ್ಲದ ಮೈ, ಹಿಂದೆ ರಿಬ್ಬನ್ನಿನಂಥ ಎರಡು ಗರಿ, ಮೈಯ ಎರಡರಷ್ಟು ಉದ್ದ. ಚಿತ್ರದಲ್ಲಿ ಹಕ್ಕಿಯನ್ನು ದೊಡ್ಡದು ಮಾಡಿದರೆ ಬಾಲ ಹೋಗುತ್ತದೆ, ಬಾಲ ಉಳಿಸಿಕೊಂಡರೆ ಹಕ್ಕಿ ಅಂಗಿಯ ಗುಂಡಿಯಷ್ಟಾಗುತ್ತದೆ. ಅಣ್ಣ ದೊಡ್ಡ ಪ್ರಿಂಟು ಹಾಸಿ, ಅದರ ಮೇಲೆ ಮೂಲೆಯಾಕಾರದ ಎರಡು ರಟ್ಟು ಚೌಕಟ್ಟಿನ ಹಾಗೆ ಎದುರುಬದುರು ಇಟ್ಟು, ಎಲ್ಲಿ ಕತ್ತರಿಸಲಿ ಎಂದು ಗಂಟೆಗಟ್ಟಲೆ ಜರುಗಿಸುತ್ತ ಕೂರುತ್ತಾನೆ. ಹಕ್ಕಿ ನೋಡುವ ಕಡೆ ಜಾಗ ಬಿಡಬೇಕು. ತಲೆಯ ಮೇಲೆ ಸ್ವಲ್ಪ ಸಾಕು. ಬಾಲದ ತುದಿಯ ಕೆಳಗೆ ಮಾತ್ರ ಒಂದು ಬೆರಳು ಜಾಗ ಇರಲೇಬೇಕು, ಇಲ್ಲದಿದ್ದರೆ ಹಕ್ಕಿಗೆ ಉಸಿರು ಕಟ್ಟುತ್ತದಂತೆ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಹೋದ ವರ್ಷ ಗೂಡಿನ ಮೇಲೆ ಕೂತ ಗಂಡು ಸಿಕ್ಕಿತು. ಗೂಡಿರುವ ಜಾಗದ ಗುರುತು ಚಿತ್ರದಲ್ಲಿ ಉಳಿಯಬಾರದು ಎಂಬುದು ಹಕ್ಕಿಯ ಚಿತ್ರ ತೆಗೆಯುವವರ ನಡುವಿನ ಕಟ್ಟುಪಾಡು. ನನಗೆ ಅದನ್ನು ಹೇಳಿಕೊಟ್ಟವನೂ ಇವನೇ. ಎಡದ ರಸ್ತೆಯನ್ನು ಕತ್ತರಿಸಿದ, ಬಲದ ಕಂಬವನ್ನೂ ಕತ್ತರಿಸಿದ. ಕೆಳಗಿನ ಅಂಚಿಗೆ ಬಂದು ರಟ್ಟು ನಿಂತುಬಿಟ್ಟಿತು.

"ಅಣ್ಣಾ, ಅಲ್ಲಿ ಪಂಪ್‌ಹೌಸ್ ಗೋಡೆ ಕಾಣುತ್ತೆ. ನಂಬರ್ ಕೂಡ ಓದಬಹುದು. ತೆಗೆದುಬಿಡು."

"ತೆಗೆದ್ರೆ ಬಾಲ ಅಂಚಿಗೆ ತಾಗುತ್ತೆ."

"ತಾಗಲಿ ಬಿಡು."

"ನಿನಗೆ ಗೊತ್ತಾಗಲ್ಲ, ಸುಮ್ನಿರು. ಇಂಥ ಹಕ್ಕಿ ಬಿಟ್ಟು ಗೋಡೆ ನೋಡೋರು ಯಾರಿದ್ದಾರೆ?"

ನಾನು ಮುಂದಿನ ಮೇಜಿಗೆ ಎದ್ದುಹೋದೆ. ಇವತ್ತಿಗೂ ನನಗೆ ಸಿಟ್ಟಿರುವುದು ಅದಕ್ಕೇ. ಚಿತ್ರ ಅಂಗಡಿಯ ಮುಂದಿನ ಗಾಜಿನೊಳಗೆ, ಬೇರೆ ಬೇರೆ ತೋಪುಗಳಲ್ಲಿ ತೆಗೆದ ಹಳೆಯ ಹತ್ತು ಹಕ್ಕಿಗಳ ಪಕ್ಕದಲ್ಲಿ ಹೋಗಿ ಕೂತಿತು.

ಸೋಮವಾರ ಒಬ್ಬ ಬಂದ. ಇಸ್ತ್ರಿ ಅಂಗಿ, ಒಪ್ಪವಾಗಿ ಕತ್ತರಿಸಿದ ಉಗುರು, ಮೆತ್ತಗಿನ ಮಾತು. ಒಳಗೆ ಬರುವ ಮುನ್ನ ಗಾಜಿನ ಮುಂದೆ ತುಂಬ ಹೊತ್ತು ಬಗ್ಗಿ ನಿಂತಿದ್ದ. ಮನುಷ್ಯರು ಹಕ್ಕಿ ನೋಡಲು ಅಷ್ಟು ಬಗ್ಗುವುದಿಲ್ಲ.

"ಅಲಂಕಾರದ ಸಾಮಾನು ಮಾಡ್ತೀನಿ ಅಣ್ಣಾ, ಟೋಪಿ, ಬೀಸಣಿಗೆ ಅಂತ. ಎಷ್ಟು ಅಂದವಾಗಿ ಕೂರಿಸಿದ್ದೀರಿ ಚಿತ್ರಾನ! ಕತ್ತರಿಸದೇ ಇರೋದು ಇದ್ಯಾ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವನ ಕತ್ತರಿಯ ಬಗ್ಗೆ ಕೇಳಿದ್ದರು. ಅಣ್ಣ ಉಬ್ಬಿಹೋದ. ಪೂರ್ತಿ ಪ್ರಿಂಟು ಹೊರಗೆ ಬಂತು, ರಸ್ತೆ, ಕಂಬ ಎಲ್ಲ ಸಮೇತ. ಆತ ಬಾಲ ಎಷ್ಟುದ್ದ ಎಂದು ಕೇಳಿದ. ಗರಿ ಸೀಳಿದೆಯೇ ಎಂದು ಕೇಳಿದ. ಅಣ್ಣ ಒಂದೊಂದಕ್ಕೂ ಪಾಠ ಹೇಳುವವನ ಹಾಗೆ ಉತ್ತರ ಕೊಟ್ಟ.

"ವರ್ಷಾವರ್ಷಾ ಅದೇ ಜಾಗಕ್ಕೆ ಬರುತ್ತೆ. ಮೊಟ್ಟೆ ಮೇಲೆ ಕೂತ್ರೆ ಮುಗೀತು, ಹತ್ತಿರ ಹೋದ್ರೂ ಏಳಲ್ಲ."

"ಏಳಲ್ವಾ? ಪಾಪ" ಎಂದ ಆತ. ಅವನ ಹೆಬ್ಬೆರಳು ಗೋಡೆಯ ನಂಬರಿನ ಮೇಲಿತ್ತು.

ಆತ ನೋಡಿದ್ದು ಹಕ್ಕಿಯನ್ನಲ್ಲ, ಗೋಡೆಯನ್ನು ಎಂದು ಅವನು ಹೋದ ಮೇಲೆ ಹೇಳಿದೆ. ಅಣ್ಣ ನಕ್ಕ. ನಿನಗೆ ಎಲ್ಲರ ಮೇಲೂ ಅನುಮಾನ ಎಂದ. ಆದರೆ ಭಾನುವಾರದವರೆಗೆ ಅವನಿಗೂ ತಡೆಯಲಾಗಲಿಲ್ಲ. ಗುರುವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೋದೆವು.

ಗೂಡು ಇದ್ದಲ್ಲೇ ಇತ್ತು. ಪಕ್ಕದ ಕೊಂಬೆಗೆ ಅಂಟು ಬಳಿದಿದ್ದರು. ಅದಕ್ಕೆ ಬಿಳಿ ತುಪ್ಪಳ ಮೆತ್ತಿಕೊಂಡಿತ್ತು. ಹೆಣ್ಣು ಮೇಲಿನ ಟೊಂಗೆಯಲ್ಲಿ ಒಂದೇ ಸಮನೆ ಕೂಗುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಅಣ್ಣ ಬೆರಳ ತುದಿಯಿಂದ ಮೊಟ್ಟೆ ಮುಟ್ಟಿ ನೋಡಿದ. ಕೈ ಹಿಂದಕ್ಕೆ ತೆಗೆದುಕೊಂಡು, "ತಣ್ಣಗಿದೆ" ಎಂದ. ನನಗೆ ಅವನನ್ನು ಬೈಯಬೇಕು ಅನ್ನಿಸಿತು, ಅಳುವೂ ಬಂತು.

ಅಂಗಡಿಗೆ ಬಂದವನೇ ಗಾಜಿನೊಳಗಿನ ಹನ್ನೊಂದನ್ನೂ ಇಳಿಸಿದ. ಉಳಿದ ಹತ್ತು ತೋಪುಗಳಲ್ಲಿ ಆಗ ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿರುವ ಕಾಲ. ಅಳತೆಪಟ್ಟಿ ಇಟ್ಟು, ಒಂದೊಂದನ್ನೂ ಕುತ್ತಿಗೆಯ ಕೆಳಗೆ ಕತ್ತರಿಸಿದ. ಬಾಲಗಳೆಲ್ಲ ನೆಲದ ಮೇಲೆ ಬಿದ್ದವು. ನಾನು ಗುಡಿಸಿ ಒಲೆಗೆ ಹಾಕಿದೆ. ಇನ್ನು ಯಾರು ಬಂದರೂ ಸಿಗುವುದು ಹಕ್ಕಿಯ ತಲೆ ಮಾತ್ರ ಎಂದು ನನಗೂ ಸ್ವಲ್ಪ ಧೈರ್ಯ ಬಂತು.

ಶನಿವಾರ ಆತ ಮತ್ತೆ ಬಂದ. ಅದೇ ಮೆತ್ತಗಿನ ಮಾತು. ಅಣ್ಣ ಕುರ್ಚಿಯಿಂದ ಏಳಲಿಲ್ಲ.

"ಚಿತ್ರ ಯಾವುದೂ ಇಲ್ಲ. ಎಲ್ಲಾ ಕತ್ತರಿಸಿಬಿಟ್ಟೆ. ಹೋಗು."

"ಪರವಾಗಿಲ್ಲ ಅಣ್ಣಾ, ಆವತ್ತೇ ಗಾಜಿನ ಆಚೆಯಿಂದ ಎಲ್ಲದರ ಫೋಟೋ ತೆಗೆದುಕೊಂಡಿದ್ದೆ. ಒಂಬತ್ತು ಜಾಗ ಸಿಕ್ಕಿತು. ಇದೊಂದು ಸೇತುವೆ ಎಲ್ಲೀದು ಅಂತ ಗೊತ್ತಾಗಲಿಲ್ಲ, ಅಷ್ಟೇ."

ಫೋನನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ಸರಿಸಿದ. ಮೈಲಿಗಲ್ಲು. ಗೇಟಿನ ಮೂಲೆ. ಸೇತುವೆಯ ಕಟ್ಟೆ. ನಮ್ಮಣ್ಣ ಬಾಲದ ಕೆಳಗೆ ಬಿಟ್ಟಿದ್ದ ಜಾಗಗಳನ್ನಷ್ಟೇ ಅವನು ಅಚ್ಚುಕಟ್ಟಾಗಿ ಕತ್ತರಿಸಿ ಇಟ್ಟುಕೊಂಡಿದ್ದ. ಒಂದರಲ್ಲೂ ಹಕ್ಕಿ ಇರಲಿಲ್ಲ.