ಮೂರು ತಡಕ್ಕೆ ಒಂದು ಗೈರು

ಬೆಳಗಿನ ಐದೂವರೆಗೆ ಶಿವಾಜಿನಗರದಿಂದ ಹೊರಟೆ. ರಸೆಲ್ ಮಾರುಕಟ್ಟೆಯ ಮುಂದೆ ಹೂವಿನ ಮೂಟೆಗಳು ಇಳಿಯುತ್ತಿದ್ದವು. ರಸ್ತೆ ಖಾಲಿಯಿದ್ದುದರಿಂದ ಬಸ್ಸು ಮುಕ್ಕಾಲು ಗಂಟೆಯಲ್ಲಿ ಕೆ.ಆರ್. ಪುರ ತಲುಪಿಸಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. "ಬಸ್ಸೇ ಪುಕ್ಕಟೆ ಇರುವಾಗ ಶಾಲೆಗೆ ತಡವೇಕೆ?" ಎಂದು ಬಡ ಹುಡುಗಿಯರ ಓದಿಗೆ ಹಣ ಕೊಡುವ ನಮ್ಮ ಟ್ರಸ್ಟಿನ ಸಭೆಯಲ್ಲಿ ಕೇಳಿದವಳು ನಾನೇ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ. ಷರತ್ತಿಲ್ಲದ ನೆರವು ಭಿಕ್ಷೆ ಎಂದು ವಾದಿಸಿದೆ. ಮೂರು ಸಲ ತಡವಾದರೆ ಒಂದು ಗೈರು, ಗೈರು ಮಿತಿ ಮೀರಿದರೆ ಸಹಾಯಧನ ಬಂದ್. ನಿಯಮ ಒಮ್ಮತದಿಂದ ಪಾಸಾಯಿತು.

ಅದರ ಅಂಚಿಗೆ ಬಂದು ನಿಂತವಳು ಒಂಬತ್ತನೇ ತರಗತಿಯ ರೇವತಿ. ಇನ್ನೊಂದು ಗೈರಾದರೆ ಅವಳ ಹಣ ನಿಲ್ಲುತ್ತಿತ್ತು; ಎರಡು ತಡ ಆಗಲೇ ಬಿದ್ದಿದ್ದವು. ಜೋಗುಪಾಳ್ಯದಲ್ಲಿದ್ದಾಗ ಹಲಸೂರಿನ ಶಾಲೆಗೆ ನಡೆದೇ ಹೋಗುತ್ತಿದ್ದಳಂತೆ. ಬಾಡಿಗೆ ಏರಿ ಮನೆಯವರು ಕೆ.ಆರ್. ಪುರದಾಚೆಗೆ ಬಂದರು. ಹತ್ತಿರದ ಶಾಲೆಗೆ ಸೇರೋಣವೆಂದರೆ ನಮ್ಮ ಟ್ರಸ್ಟು ಹಣ ಕೊಡುವುದು ಹಲಸೂರಿನ ಆ ಒಂದು ಶಾಲೆಗೆ ಮಾತ್ರ. ಅವಳ ಜೊತೆ ಒಂದು ದಿನ ಪ್ರಯಾಣ ಮಾಡಿ ವರದಿ ಕೊಡುವುದು ನನ್ನ ಕೆಲಸ.

ನಾನು ಹೋದಾಗ ರೇವತಿ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ಕೊಡಗಳ ನಡುವೆ ನಿಂತಿದ್ದಳು. ತಾಯಿ ಸೆಲ್ವಿ ಐದಕ್ಕೇ ಇಂದಿರಾನಗರಕ್ಕೆ ಅಡುಗೆ ಕೆಲಸಕ್ಕೆ ಹೋಗಿಯಾಗಿತ್ತು.

"ಕೂತ್ಕೊಳ್ಳಿ ಅಕ್ಕ. ಟ್ಯಾಂಕರ್ ಬರ್ಬೇಕು."

"ಎಷ್ಟೊತ್ತಿಗೆ ಬರುತ್ತೆ?"

"ಅವ್ನಿಗೆ ಬೇಕಾದಾಗ. ನೀರು ಹಿಡೀದೆ ಸ್ಕೂಲಿಗೆ ಹೋದ್ರೆ, ಸ್ಕಾಲರ್‌ಶಿಪ್ಪೇ ಕುಡಿ ಅಂತಾಳೆ ಅಮ್ಮ."

ಟ್ಯಾಂಕರ್ ಬಂದಾಗ ಏಳೂ ಇಪ್ಪತ್ತು. ಎಂಟು ಕೊಡದಲ್ಲಿ ಎರಡನ್ನು ನಾನು ಹೊತ್ತೆ. ಪಕ್ಕದ ಮನೆಯಾಕೆ, "ಮೇಡಮ್, ಇದೂ ಬರ್ಕೊಳ್ತೀರಾ?" ಎಂದಳು. ಬರೆದುಕೊಳ್ಳಲು ನಮ್ಮ ಫಾರಂನಲ್ಲಿ ಜಾಗವಿರಲಿಲ್ಲ.

ಎರಡು ಬಸ್ಸು ತುಂಬಿ ತುಳುಕುತ್ತಾ ನಿಲ್ಲಿಸದೆ ಹೋದವು. ಮೂರನೆಯದಕ್ಕೆ ನೇತುಬಿದ್ದಾಗ ಎಂಟೂ ಐದು. ಟಿನ್ ಫ್ಯಾಕ್ಟರಿಯ ಬಳಿ ಸೀಟು ಸಿಕ್ಕಿತು, ಬಸ್ಸು ಮಾತ್ರ ಅಲ್ಲಾಡಲಿಲ್ಲ. ಸೆಕೆ. ಡಬ್ಬಿ ತೆಗೆದು ತಣ್ಣಗಿನ ಚಿತ್ರಾನ್ನದಲ್ಲಿ ನನಗೂ ಪಾಲು ಕೊಟ್ಟಳು. ಮೇಲೆ ಮೆಟ್ರೋ ಸರ್ರನೆ ಹೋಯಿತು.

"ಅದ್ರಲ್ಲಿ ಹೋಗ್ಬಹುದಲ್ಲ?"

"ದಿನಾ ನೀವು ಟಿಕೆಟ್ ತೆಗೆಸ್ಕೊಡ್ತೀರಾ?"

ಶಾಲೆಯ ಗೇಟು ಮುಚ್ಚುವುದು ಎಂಟೂ ಮುಕ್ಕಾಲಿಗೆ. ಇಂದಿರಾನಗರದ ನಿಲ್ದಾಣ ಬರುವಾಗ ಒಂಬತ್ತು. ರೇವತಿ ಎದ್ದಳು.

"ಇಲ್ಲೇ ಇಳೀತೀನಿ. ಮೂರನೇ ಲೇಟು. ಹೋದ್ರೂ ಆಬ್ಸೆಂಟು, ಹೋಗದಿದ್ರೂ ಆಬ್ಸೆಂಟು. ಅಮ್ಮ ಕೆಲ್ಸ ಮಾಡೋ ಮನೇಲಿ ಮಗು ನೋಡ್ಕೊಳ್ಳೋಕೆ ಜನ ಬೇಕಂತೆ."

"ನಾನು ಶಾಲೇಲಿ ಹೇಳ್ತೀನಿ, ಬಾ."

"ಏನಂತ? ಬಸ್ ಲೇಟ್ ಅಂತಾನಾ? ನಾನೂ ದಿನಾ ಅದನ್ನೇ ಹೇಳಿದ್ದು."

"ಮುಂದಿನ ತಿಂಗಳು ಮೀಟಿಂಗಿದೆ. ರೂಲ್ ತೆಗೆಸ್ತೀನಿ."

"ಆ ಮನೆಯವ್ರಿಗೆ ಇವತ್ತೇ ಜನ ಬೇಕಂತೆ ಅಕ್ಕ." ಮೆಟ್ಟಿಲ ಬಳಿ ನಿಂತು ತಿರುಗಿದಳು. "ಆ ರೂಲ್ ಮಾಡಿದ್ದು ಯಾರು?"

ಉತ್ತರಕ್ಕೆ ತಡವರಿಸಿ ಅಭ್ಯಾಸವಿಲ್ಲ ನನಗೆ. "ಕಮಿಟಿ," ಅಂದೆ.

ತಲೆಯಾಡಿಸಿ ಇಳಿದಳು. ಹಿಂದಿನ ಗಾಜಿನಿಂದ ನೋಡಿದೆ: ಸಿಗ್ನಲ್ಲಿನಲ್ಲಿ ನಿಂತು ಕೊರಳಿನ ಟೈ ಬಿಚ್ಚಿ, ನೀಟಾಗಿ ಸುತ್ತಿ, ಬ್ಯಾಗಿಗೆ ಹಾಕಿಕೊಂಡಳು. ಅಲ್ಲಿಂದ ಮುಂದೆ ರಸ್ತೆ ಖಾಲಿಯಿತ್ತು. ಏಳು ನಿಮಿಷಕ್ಕೆ ಹಲಸೂರು ಬಂತು.