ರವದಿ ಮೊದಲು, ಹೊಟ್ಟು ಆಮೇಲೆ

ಶನಿವಾರ ಮಧ್ಯಾಹ್ನ ಲ್ಯಾಬಿನ ಆಸಿಲೋಸ್ಕೋಪಿನ ಪರದೆಯ ಮೇಲೆ ಎರಡು ಉಬ್ಬು ಮೂಡಿದವು. ಮೊದಲನೆಯದು ಸಣಕಲು, ಎರಡನೆಯದು ಅಗಲ. ಬೇರೆಯವರು ನೋಡಿದ್ದರೆ ಅದೊಂದು ಹಸಿರು ಗೆರೆ, ಅಷ್ಟೇ. ನನ್ನ ಮೂಗಿಗೆ ಮಾತ್ರ ನೆನೆದ ಹೊಟ್ಟಿನ ವಾಸನೆ ಬಡಿಯಿತು. ಏಸಿ ಇರುವ ಕೋಣೆಯಲ್ಲಿ ಹೊಟ್ಟಿನ ವಾಸನೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಆ ಏಸಿ ಕೆಟ್ಟು ಎರಡು ವರ್ಷವಾಯಿತು, ಅದು ಬೇರೆ ಮಾತು.

ಆ ಎರಡು ಉಬ್ಬುಗಳು ನನ್ನವು. ಅವುಗಳ ಮೇಲೆ ಪೇಟೆಂಟ್ ಕೇಳಿ ಅರ್ಜಿ ಹಾಕಬೇಕೆಂದು ಹೊರಟಿದ್ದೆ. ಅರ್ಜಿಯಲ್ಲಿ 'ಸಂಶೋಧಕರು' ಎಂಬ ಕಡೆ ಮೂರು ಸಾಲುಗಳಿರುತ್ತವೆ. ಮೊದಲ ಸಾಲಿನಲ್ಲಿ ನಾನು ಗುತ್ತಿಗೆಯ ಮೇಲೆ ಪಾಠ ಹೇಳುವ ಕಾಲೇಜಿನ ವಿಭಾಗದ ಮುಖ್ಯಸ್ಥರು ಪೆನ್ಸಿಲ್ಲಿನಿಂದ ತಮ್ಮ ಹೆಸರು ಬರೆದು, ಎರಡನೆಯದರಲ್ಲಿ ನನ್ನದನ್ನು ಬರೆದು, "ಸೋಮವಾರ ಸಹಿ ಮಾಡಿ ಕೊಡ್ರಿ" ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಇವತ್ತು ಸೋಮವಾರ. ಸಹಿ ಮಾಡಿದೆನೋ ಇಲ್ಲವೋ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮನ್ನು ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಬೇಕು. ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ, ಬದು ಒದ್ದೆ ಇರುತ್ತದೆ.

ನಮ್ಮ ಹೊಲ ಶಿರಗುಪ್ಪಿಯ ಹತ್ತಿರ. ಕೃಷ್ಣೆಯ ದಂಡೆಯಲ್ಲಿ ಪಂಪು, ಅಲ್ಲಿಂದ ಉದ್ದಾನುದ್ದ ಕಾಲುವೆ, ಕಾಲುವೆಯ ತುದಿಯಲ್ಲಿ ಎರಡು ಬಾಯಿ. ಬಲಗಡೆಯದು ನಮ್ಮ ಕಬ್ಬಿಗೆ, ಎಡಗಡೆಯದು ಪಕ್ಕದ ಹೊಲದ ಧನಪಾಲ ಕಾಕಾನ ಕಬ್ಬಿಗೆ. ಪಂಪು ಇಬ್ಬರದೂ, ನೀರು ಪಾಳಿಯ ಮೇಲೆ. ನಮ್ಮ ಪಾಳಿ ಮುಗಿಯಿತೆಂದರೆ ಮಣ್ಣು ಎಳೆದು ಬಲಬಾಯಿ ಕಟ್ಟಿ ಎಡಬಾಯಿ ಬಿಡಬೇಕು.

ಕೇಳಲು ಇದರಲ್ಲಿ ಏನೂ ಇಲ್ಲ. ಆದರೆ ಪಂಪಿನ ಹತ್ತಿರ ಕುಳಿತ ಅಪ್ಪನ ಕೈಗಡಿಯಾರದಲ್ಲಿ ಮೂರಾದಾಗ ಪಾಳಿ ಮುಗಿಯಿತು ಎನ್ನಿ. ಆಗ ಕಾಲುವೆಯ ತುಂಬ ಇರುವ ನೀರು ಯಾರದು? ನಮ್ಮದು. ಅದು ನಮ್ಮ ಪಾಳಿಯಲ್ಲಿ ಎತ್ತಿದ ನೀರು, ಇನ್ನೂ ದಾರಿಯಲ್ಲಿದೆ. ತುದಿಯಲ್ಲಿ ನಿಂತ ಅವ್ವ ಮೂರಕ್ಕೆ ಸರಿಯಾಗಿ ಬಾಯಿ ಕಟ್ಟಿದರೆ ನಮ್ಮ ನೀರು ಕಾಕಾನ ಹೊಲಕ್ಕೆ. ಹೆಚ್ಚು ಹೊತ್ತು ಬಿಟ್ಟರೆ ಕಾಕಾನ ನೀರು ನಮ್ಮ ಹೊಲಕ್ಕೆ. ಒಂದು ದಿನ ನೀರು ಜೋರು, ಇನ್ನೊಂದು ದಿನ ಕಾಲುವೆಯಲ್ಲಿ ಹುಲ್ಲು ಬೆಳೆದು ಮೆಲ್ಲಗೆ. ಗಡಿಯಾರ ಇಲ್ಲಿ ಏನು ಮಾಡೀತು?

ಅದಕ್ಕೆ ನಮ್ಮವರು ಮಾಡಿಕೊಂಡ ಪದ್ಧತಿ ಇದು. ಪಾಳಿ ಮುಗಿದ ಗಳಿಗೆಗೆ ಪಂಪಿನ ಹತ್ತಿರದವನು ಒಂದು ಬುಟ್ಟಿ ಜೋಳದ ಹೊಟ್ಟನ್ನು ನೀರಿಗೆ ಹಾಕುವುದು. ಹೊಟ್ಟು ನೀರಿನ ಜೊತೆಗೇ ಬರುತ್ತದೆ. ನೀರು ಓಡಿದರೆ ಓಡುತ್ತದೆ, ನಿಂತರೆ ನಿಲ್ಲುತ್ತದೆ. ಹೊಟ್ಟಿನ ಮುಂದಿನದು ನಮ್ಮ ನೀರು, ಹಿಂದಿನದು ಅವರ ನೀರು. ತುದಿಯಲ್ಲಿದ್ದವರು ಗಡಿಯಾರ ನೋಡಬೇಕಾಗಿಲ್ಲ, ಹೊಟ್ಟು ನೋಡಿದರೆ ಸಾಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಬಂದಿದೆ. ಪಂಪಿನ ಕಡೆಯಿಂದ ಫೋನು ಮಾಡಿ "ಪಾಳಿ ಮುಗೀತು" ಎಂದರೆ ಆಯಿತಲ್ಲ ಎನ್ನುವವರಿದ್ದಾರೆ. ಫೋನು ಕ್ಷಣದಲ್ಲಿ ಬರುತ್ತದೆ, ನೀರು ಬರುವುದಿಲ್ಲ. ಆ ಎರಡರ ನಡುವಿನ ಜಗಳಕ್ಕೆ ಈಗಲೂ ಹೊಟ್ಟೇ ಬೇಕು.

ಇನ್ನೊಂದು ಮಾತಿದೆ. ಒಂದು ಬುಟ್ಟಿಯಲ್ಲ, ಎರಡು ಬುಟ್ಟಿ. ಪಾಳಿ ಮುಗಿಯುವ ಸ್ವಲ್ಪ ಮುಂಚೆ, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಮೊದಲು, ಒಂದು ಬುಟ್ಟಿ. ಅದರ ಅರ್ಥ: ಏಳು, ಸಲಿಕೆ ಹಿಡಿ. ಎರಡನೆಯದರ ಅರ್ಥ: ಕಟ್ಟು. ಹೀಗಾಗಿ ಅವ್ವ ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ಸಲಿಕೆ ಹಿಡಿದು ನಿಲ್ಲಬೇಕಾಗಿರಲಿಲ್ಲ. ಬೇವಿನ ಗಿಡದ ಕೆಳಗೆ ಕಾಲು ಚಾಚುತ್ತಿದ್ದಳು, ಮೇವು ಕೊಯ್ಯುತ್ತಿದ್ದಳು. ಮೊದಲ ಹೊಟ್ಟು ಕಂಡಾಗ ಏಳುತ್ತಿದ್ದಳು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅವ್ವ ನೆರೆಮನೆಯ ಬಾಣಂತಿಯನ್ನು ನೋಡಲು ಹೋದಳು. ತುದಿಗೆ ನನ್ನನ್ನು ಕೂರಿಸಿದಳು. ನಾನು ಶ್ಯಾಣೆ ಹುಡುಗಿ, ಪುಸ್ತಕ ತಂದಿದ್ದೆ. ಪುಸ್ತಕ ಓದಲು ಎಷ್ಟು ಒಳ್ಳೆಯದೋ ಮುಖದ ಮೇಲೆ ಮುಚ್ಚಿಕೊಳ್ಳಲೂ ಅಷ್ಟೇ ಒಳ್ಳೆಯದು. ಬೇವಿನ ನೆರಳು, ನೀರಿನ ಸಪ್ಪಳ. ನಿದ್ದೆ ಹೋದೆ.

ಎಚ್ಚರವಾದಾಗ ಕಾಲುವೆಯ ತುಂಬ ಹೊಟ್ಟು ತೇಲಿ ಬರುತ್ತಿತ್ತು. ಗಡಬಡಿಸಿ ಎದ್ದೆ, ಸಲಿಕೆ ಹಿಡಿದೆ, ಎರಡನೆಯ ಹೊಟ್ಟು ಬರಲಿ ಎಂದು ಕಾದೆ. ಕಾದೆ, ಕಾದೆ. ಬರಲಿಲ್ಲ. ಹೇಗೆ ಬರಬೇಕು? ನಾನು ನೋಡಿದ್ದೇ ಎರಡನೆಯದು. ಮೊದಲನೆಯದು ನನ್ನ ಗೊರಕೆಯ ಪಕ್ಕದಲ್ಲೇ ಹಾದು ಹೋಗಿತ್ತು.

ಅವ್ವ ಬರುವ ಹೊತ್ತಿಗೆ ಧನಪಾಲ ಕಾಕಾ ಬದುವಿನ ಮೇಲೆ ನಿಂತಿದ್ದ. ಕಾಕಾ ಜೈನರವನು, ಇರುವೆ ಕಂಡರೂ ದಾಟಿ ಹೋಗುವ ಮನುಷ್ಯ. ನೀರಿನ ವಿಷಯದಲ್ಲಿ ಮಾತ್ರ ಯಾರನ್ನೂ ದಾಟಿ ಹೋಗುತ್ತಿರಲಿಲ್ಲ.

"ಏನ್ರಿ ವೈನಿ, ತಾಸ ಮ್ಯಾಲಾತು, ನನ್ನ ನೀರ ನಿಮ್ಮ ಕಬ್ಬ ಕುಡ್ಯಾಕತೈತಿ! ಹುಡಿಗಿನ್ನ ಕೂಡ್ರಿಸಿ ಕಳವ ಮಾಡಸ್ತೀರೇನ?"

"ಕಳವ ಅನಬ್ಯಾಡ ಧನಪಾಲ. ನಿದ್ದಿ ಹತ್ತೇತಿ ಕೂಸಿಗೆ."

"ನಿದ್ದಿ! ನಿಮ್ಮ ನಿದ್ದಿಗೆ ನಮ್ಮ ನೀರ ಯಾಕ ಬೇಕು?"

ಅವ್ವ ಮುಂದಿನ ನಮ್ಮ ಪಾಳಿಯಲ್ಲಿ ಒಂದು ತಾಸು ಬಿಟ್ಟುಕೊಟ್ಟಳು. ನನಗೆ ಒಂದು ಪೆಟ್ಟನ್ನೂ ಕೊಡಲಿಲ್ಲ, ಅದು ಇನ್ನೂ ಕೆಟ್ಟದ್ದಾಯಿತು. ಕಳವು ಎಂಬ ಮಾತು ಅವಳ ಮೈಮೇಲೆ ಬಿದ್ದದ್ದು ನನ್ನಿಂದ. ಎರಡು ದಿನ ಊಟ ಸೇರಲಿಲ್ಲ. ನಿದ್ದೆ ಮಾಡಿದ್ದು ತಪ್ಪು ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ಅಷ್ಟು ಕೇಳಿ ಸುಮ್ಮನಾಗುವ ಜಾತಿಯವಳಲ್ಲ ನಾನು. ಎದ್ದೆನಲ್ಲ! ಹೊಟ್ಟನ್ನು ನೋಡಿದೆನಲ್ಲ! ನೋಡಿಯೂ ತಿಳಿಯಲಿಲ್ಲ ಎಂದರೆ ತಪ್ಪು ಬರೀ ನನ್ನ ಕಣ್ಣಿನದೇ, ಹೊಟ್ಟಿನದೂ ಇದೆಯೇ?

ಮುಂದಿನ ಪಾಳಿಗೆ ಮೊದಲು ಕಾಕಾ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಹೇಳಿಯೇ ಬಿಟ್ಟೆ.

"ಕಾಕಾ, ಮೊದಲ ರವದಿ ಒಗೀರಿ, ಆಮ್ಯಾಲ ಹೊಟ್ಟು ಹಾಕರಿ."

ರವದಿ ಎಂದರೆ ಕಬ್ಬಿನ ಒಣಗಿದ ಗರಿ. ನಮ್ಮಲ್ಲಿ ಕಾಲಿಟ್ಟಲ್ಲೆಲ್ಲ ಅದೇ.

"ಯಾಕವಾ?"

"ಎರಡೂ ಬ್ಯಾರೆ ಬ್ಯಾರೆ ಇದ್ರ, ತಡಾ ಮಾಡಿ ಎದ್ರೂ ಯಾವದು ಹ್ವಾತು, ಯಾವದು ಬಂತು ಗೊತ್ತಾಕ್ಕೈತಿ."

ಕಾಕಾ ಬಶಿಯಲ್ಲಿನ ಚಹಾ ಚೆಲ್ಲುವ ಹಾಗೆ ನಕ್ಕ. "ಕೇಳ್ರಿ ವೈನಿ! ನಿಮ್ಮ ಮಗಳು ನಿದ್ದಿ ಮಾಡೂದ ಬಿಡೂದಿಲ್ಲಂತ, ಪದ್ಧತಿನ ಬದಲ ಮಾಡತಾಳಂತ!"

"ನಗೂದೇನೈತಿ? ಹಾಕಿ ನೋಡ," ಎಂದಳು ಅವ್ವ.

ಹಾಕಿ ನೋಡಿದರು. ಇವತ್ತಿಗೂ ಹಾಗೇ ಹಾಕುತ್ತಾರೆ.

ನಿದ್ದೆ ಬಿಡುವುದಿಲ್ಲ, ಪದ್ಧತಿ ಬದಲಿಸುತ್ತೇನೆ. ಕಾಕಾ ಅದನ್ನು ಚೇಷ್ಟೆಗೆ ಹೇಳಿದ. ನನ್ನ ಓದು, ನನ್ನ ಕೆಲಸ, ನನ್ನ ಮೊಂಡುತನ ಎಲ್ಲ ಸೇರಿ ಅದೇ ಆಗಿದೆ. ನಾನು ನಮ್ಮ ಮನೆಯಲ್ಲಿ ಮೊದಲ ಪದವೀಧರೆ. ಇದನ್ನು ಕೇಳದವರಿಗೂ ಹೇಳುತ್ತೇನೆ. ಹಾಸ್ಟೆಲ್ಲಿನಲ್ಲಿ ನನ್ನ ಇಂಗ್ಲಿಷ್ ಕೇಳಿ ನಗುತ್ತಿದ್ದವರ ಮುಂದೆಯೇ ಅಂಕಪಟ್ಟಿ ಗೋಡೆಗೆ ಅಂಟಿಸಿದವಳು ನಾನು. ಆಮೇಲೆ ಅದು ಗೋಡೆಯಿಂದ ಬಿಡದೆ ಹರಿದು, ನಕಲು ಪ್ರತಿಗಾಗಿ ಎರಡು ತಿಂಗಳು ಅಲೆದೆ. ಅಹಂಕಾರಕ್ಕೆ ಅಂಟು ಜಾಸ್ತಿಯಾಗಿತ್ತು.

ಈಗ ಆ ಎರಡು ಉಬ್ಬುಗಳಿಗೆ ಬರೋಣ. ಹೆದರಬೇಡಿ, ಕಾಲುವೆ ದಾಟಿದವರಿಗೆ ಇದು ಕಷ್ಟವಲ್ಲ. ಕಂಪ್ಯೂಟರಿನೊಳಗೆ ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ದತ್ತಾಂಶ ಹರಿಯುತ್ತಲೇ ಇರುತ್ತದೆ. ಪಡೆಯುವ ಚಿಪ್ಪಿಗೆ ಒಂದು ಬಡಿತ ಇರುತ್ತದೆ, ಗಡಿಯಾರವೆಂದೇ ಕರೆಯುತ್ತೇವೆ. ಅದು ಬಡಿದಾಗಲೆಲ್ಲ ಒಂದು ಗುಟುಕು ಕರೆಂಟು ಖರ್ಚು. ದತ್ತಾಂಶ ಬರಲಿ ಬಿಡಲಿ, ಬಡಿಯುತ್ತಲೇ ಇದ್ದರೆ ಬ್ಯಾಟರಿ ಬರಿದು. ಆದ್ದರಿಂದ ಕೆಲಸವಿಲ್ಲದಾಗ ಬಡಿತವನ್ನು ಮಲಗಿಸುತ್ತಾರೆ. ಮಲಗಿದ್ದನ್ನು ಸರಿಯಾದ ಹೊತ್ತಿಗೆ ಎಬ್ಬಿಸಬೇಕು. ಅದಕ್ಕಾಗಿ ದತ್ತಾಂಶದ ಜೊತೆಗೇ, ಅಷ್ಟೇ ಉದ್ದದ ತಂತಿಯಲ್ಲಿ ಒಂದು ಗುರುತು ಕಳಿಸುತ್ತಾರೆ. ಇದು ಜಗತ್ತಿಗೆಲ್ಲ ಗೊತ್ತಿರುವ ವಿದ್ಯೆ, ನನ್ನದಲ್ಲ. ಎಬ್ಬಿಸಲು ಒಂದು, ಎಣಿಕೆ ಶುರುಮಾಡಲು ಒಂದು ಎಂದು ಎರಡು ಗುರುತು ಕಳಿಸುವುದೂ ನನ್ನದಲ್ಲ. ಆದರೆ ಗಾಢವಾಗಿ ಮಲಗಿದ ಚಿಪ್ಪು ಏಳುವುದು ತಡವಾಗಿ, ಮೊದಲ ಗುರುತು ತಪ್ಪಿಸಿಕೊಂಡು, ಎರಡನೆಯದನ್ನೇ ಮೊದಲನೆಯದೆಂದು ತಿಳಿದರೆ? ಬಂದ ದತ್ತಾಂಶವೆಲ್ಲ ಬೇರೆಯವರ ಹೊಲಕ್ಕೆ. ಹಾಗಾಗಿ ಎಲ್ಲರೂ ಅದನ್ನು ಅರೆನಿದ್ದೆಯಲ್ಲಿ ಇಡುತ್ತಾರೆ, ಅರ್ಧ ಕರೆಂಟು ಸುಡುತ್ತಲೇ ಇರುತ್ತದೆ.

ನಾನು ಮಾಡಿದ್ದು ಇಷ್ಟು: ಎರಡು ಗುರುತುಗಳ, ಅಂದರೆ ಪರದೆಯ ಮೇಲಿನ ಆ ಎರಡು ಉಬ್ಬುಗಳ, ಅಗಲ ಬೇರೆ ಬೇರೆ ಮಾಡಿ, ಎದ್ದ ಕೂಡಲೇ ಎದುರಿಗಿರುವುದು ಯಾವುದು ಎಂದು ಅಳೆದು ನೋಡುವ ಒಂದು ಸಣ್ಣ ಸರ್ಕ್ಯೂಟು. ಚಿಪ್ಪು ನಿಶ್ಚಿಂತೆಯಿಂದ ಮಲಗಲಿ, ತಡವಾಗಿ ಎದ್ದರೂ ತಪ್ಪುವುದಿಲ್ಲ. ಎರಡು ಬೇಸಿಗೆ ರಜೆ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಬೆಸುಗೆ ಹಾಕುತ್ತ ಕುಳಿತಿದ್ದೆ. ಅಳತೆಗೆ ಮಾತ್ರ ಕಾಲೇಜಿನ ಲ್ಯಾಬು. ಆ ಲ್ಯಾಬಿನ ಕೀಲಿಯನ್ನು ರಜೆಯಲ್ಲೂ ನನ್ನ ಕೈಗೆ ಕೊಟ್ಟವರು ಇದೇ ಮುಖ್ಯಸ್ಥರು. ನಿಪ್ಪಾಣಿ ಕಡೆಯವರು, ಒಳ್ಳೆಯ ಮೇಷ್ಟ್ರು, ಸಿಟ್ಟು ಬಂದಾಗ ಮರಾಠಿ, ಬಹಳ ಸಿಟ್ಟು ಬಂದಾಗ ಮೌನ. ಕೀಲಿಯ ಉಪಕಾರವನ್ನು ನಾನು ಮರೆತಿಲ್ಲ. ಅರ್ಜಿಯ ಕೊನೆಯಲ್ಲಿ ಕೃತಜ್ಞತೆಗೆ ಜಾಗವಿದ್ದಿದ್ದರೆ ಬರೆಯುತ್ತಿದ್ದೆ. ಸಂಶೋಧಕರ ಸಾಲು ಕೃತಜ್ಞತೆಯ ಜಾಗವಲ್ಲ.

ಇವತ್ತು ಬೆಳಿಗ್ಗೆ ಅವರ ಕೋಣೆಗೆ ಹೋದೆ.

"ಸಹಿ ಆತೇನ್ರಿ ಮೇಡಂ?"

"ಇಲ್ರಿ ಸರ್. ನಿಮ್ಮ ಹೆಸರ ಯಾಕ ಬಂತು ಅಂತ ಕೇಳಾಕ ಬಂದೇನ್ರಿ."

ಅವರು ಕನ್ನಡಕ ತೆಗೆದರು. "ಬಘಾ, ನೋಡ್ರಿ ಮೇಡಂ, ಇದು ಎಲ್ಲಾ ಕಡೆ ನಡದದ್ದ ಐತಿ. ಮ್ಯಾಲ ದೊಡ್ಡವರ ಹೆಸರ ಇದ್ರ ಕಾಗದಕ್ಕ ವಜನ ಬರತೈತಿ. ನಿಮ್ಮ ಹೆಸರೇನ ತಗದಿಲ್ಲಲ್ಲ, ಎರಡನೇದ್ದ ಐತಿ."

"ಮಾಡಿದಾಕಿ ನಾನು, ಸರ್."

"ಮಾಡಿದ್ದ? ಸ್ಟಾಫ್ ರೂಮಿನ್ಯಾಗ ಎಲ್ಲಾರ ಮುಂದ ನೀವ ಹೇಳೀರಲ್ರಿ, ಇದು ನಮ್ಮ ಹೊಲದಾಗಿನ ಪದ್ಧತಿ ಅಂತ. ಅಂದ ಮ್ಯಾಲ ಇದು ನಿಮ್ಮದರ ಹ್ಯಾಂಗ ಆತು? ಊರಿಂದಾತು. ಊರಿಂದಂದ್ರ ಎಲ್ಲಾರದೂ. ಅದರಾಗ ನಾನೂ ಒಬ್ಬಾಂವ."

ಒಪ್ಪಿಕೊಳ್ಳುತ್ತೇನೆ, ನಾನೇ ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ಬಂದ ಕಥೆ ಅದು. ನನ್ನ ಹೆಮ್ಮೆಯನ್ನೇ ಹಗ್ಗ ಮಾಡಿ ನನ್ನ ಕಾಲಿಗೆ ಕಟ್ಟಿದ್ದರು. ವಿದ್ಯಾವಂತರ ಜಾಣತನ ಹೀಗೆಯೇ. ನಮ್ಮ ಊರಿನದು ಎಂದು ನಾಚಿಕೊಂಡು ಮುಚ್ಚಿಟ್ಟರೆ ಹಳ್ಳಿಯವಳು ಎನ್ನುತ್ತಾರೆ. ಮುಚ್ಚಿಡದೆ ಹೇಳಿದರೆ, ಹಾಗಾದರೆ ಅದು ನಿನ್ನದಲ್ಲ ಎನ್ನುತ್ತಾರೆ.

"ಸರ್," ಎಂದೆ, "ನೀರ ಹೊಳಿದು, ಹೊಟ್ಟಿನ ಪದ್ಧತಿ ಊರಿಂದು. ಅದರ ಮ್ಯಾಲ ನಾ ಹಕ್ಕ ಕೇಳಿಲ್ರಿ. ಆದ್ರ ಆ ಪದ್ಧತಿ ಎಲ್ಲಿ ತಪ್ಪತೈತಿ ಅಂತ ತೋರಿಸಿದ ತಪ್ಪು ನಂದು. ಅದಕ್ಕ ನಮ್ಮವ್ವ ಕಳ್ಳಿ ಅನಿಸಿಕೊಂಡಾಳ. ಅವತ್ತ ಊರಿನವರ ಯಾರೂ ಬಂದು ತಪ್ಪಿನ್ಯಾಗ ನಂದೂ ಪಾಲ ಐತಿ ಅಂದಿಲ್ರಿ. ನೀವೂ ಅಂದಿಲ್ಲ."

ಅವರು ಸುಮ್ಮನೆ ಕುಳಿತರು. ಮರಾಠಿಯೂ ಬರಲಿಲ್ಲ. ನಾನು ಮೊದಲೇ ಹೇಳಿದೆನಲ್ಲ, ಮೌನ ಎಂದರೆ ಏನೆಂದು. ಕೊನೆಗೆ, "ಕಾಲೇಜಿನಿಂದ ಈ ಅರ್ಜಿ ಹೋಗೂದಿಲ್ಲ," ಎಂದರು. "ಮತ್ತ ನಿಮ್ಮ ಗುತ್ತಿಗಿ ಜೂನಿಗೆ ಮುಗೀತೈತಿ. ಅದೂ ನೆನಪಿರಲಿ."

"ನೆನಪೈತ್ರಿ. ಅರ್ಜಿ ನಾನ ಹಾಕ್ತೀನಿ."

ಮೊದಲ ಗಂಟೆಯ ಪಾಠಕ್ಕೆ ಇನ್ನೂ ಸಮಯವಿತ್ತು. ಅವ್ವನಿಗೆ ಫೋನು ಮಾಡಿದೆ. ಪೇಟೆಂಟ್ ಎಂದರೆ ಅವಳಿಗೆ ಹೊಲ ಯಾರದೆಂದು ಹೇಳುವ ಉತಾರೆಯ ಹಾಗೆ ಒಂದು ಕಾಗದ. ಎಲ್ಲ ಕೇಳಿ, "ನಾಳಿ ನಿನ್ನ ಕೆಲಸ ಹ್ವಾದ್ರ?" ಎಂದಳು. "ಹ್ವಾದ್ರ ಹೋಗಲಿ," ಎಂದೆ. ಅವಳು ಎಮ್ಮೆಗೆ ಮೇವು ಹಾಕುವ ಸದ್ದು ಕೇಳಿಸಿತು. ಆಮೇಲೆ ಹೇಳಿದಳು: "ಆತು. ಹೆಸರ ಪೂರಾ ಬರಿ. ಅರ್ಧಾ ಬರ್ದು ಬರಬ್ಯಾಡ."

ಹೆದರಿಕೆ ಇಲ್ಲವೆಂದು ಹೇಳಿದರೆ ನೀವು ನಂಬಬಾರದು. ಜೂನ್ ಬಹಳ ದೂರವಿಲ್ಲ. ಅಥಣಿಯಲ್ಲೋ ರಾಯಬಾಗದಲ್ಲೋ ಇನ್ನೊಂದು ಕಾಲೇಜು ಹುಡುಕಬೇಕಾದೀತು, ಸಿಗದಿದ್ದರೆ ಮನೆಯಲ್ಲಿ ಪಾಠ ಹೇಳಬೇಕಾದೀತು. ಪೇಟೆಂಟ್ ಕಚೇರಿಯವರು ಕೂಡ ಇದರಲ್ಲಿ ಹೊಸದೇನಿಲ್ಲ ಎನ್ನಬಹುದು. ಅನ್ನಲಿ, ಉತ್ತರ ಕೊಡಲು ನನಗೆ ಬಾಯಿ ಇದೆ. ಅವರು ಇಲ್ಲವೆಂದರೆ ನಾನು ಸೋತೆ ಎನ್ನೋಣ. ಆದರೆ ಆ ಸೋಲೂ ನನ್ನ ಹೆಸರಿನಲ್ಲೇ ಇರುತ್ತದೆ, ಎರಡನೆಯ ಸಾಲಿನಲ್ಲಿ ಅಲ್ಲ.

ಪೆನ್ಸಿಲ್ ಬರಹದ ಆ ಕಾಗದವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ. ಹೊಸದೊಂದು ಪ್ರತಿ ತೆಗೆಸಿದೆ. ಮೊದಲ ಸಾಲಿನಲ್ಲಿ ನನ್ನ ಹೆಸರು, ಅವ್ವ ಹೇಳಿದ ಹಾಗೆ ಪೂರ್ತಿ, ಪೆನ್ನಿನಿಂದ. ವಿಳಾಸದ ಕಡೆ ಹೊಲದ ಮನೆ, ಊರು, ತಾಲೂಕು ಕಾಗವಾಡ. ಕೆಳಗೆ ಎರಡು ಸಾಲು ಖಾಲಿ ಉಳಿದವು. ಖಾಲಿ ಬಿಟ್ಟ ಜಾಗ ಎಂದರೆ ಯಾರಾದರೂ ಬಂದು ಕುಳಿತುಕೊಳ್ಳುವ ಜಾಗ. ಅಳತೆಪಟ್ಟಿ ಇಟ್ಟು ಅವೆರಡಕ್ಕೂ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದೆ. ಗಂಟೆ ಹೊಡೆಯಿತು. ಸೀಮೆಸುಣ್ಣ ತೆಗೆದುಕೊಂಡು ಪಾಠಕ್ಕೆ ಹೋದೆ.