ಪಾಲುಬಂಡೆ

ನನ್ನ ಮಗನ ಕೈಯಲ್ಲಿ ತೋಟಾ ತಾನಾಗಿ ಸಿಡಿಯಲಿಲ್ಲ. ಅವನು ಹೊಳೆಗೆ ಎಸೆದ ತೋಟಾ ತಿರುಗಿ ಬಂತು. ನಡೆದದ್ದು ಇಷ್ಟೇ.

ಆಸ್ಪತ್ರೆಯವರು ಬೇರೆ ಬರೆದುಕೊಂಡರು. ಊರವರು ಮುದುಕಿಗೆ ಭ್ರಮೆ ಎಂದರು. ಆ ರಾತ್ರಿ ಹರಿಗೋಲಿನಲ್ಲಿ ಕೂತಿದ್ದವಳು ನಾನು, ಅವರಲ್ಲ. ಮೂರನೇ ಈಯತ್ತೆಗೆ ಸ್ಲೇಟು ಒಡೆದು ಮನೆಗೆ ಬಂದವಳಿಗೆ ಕಥೆ ಕಟ್ಟುವ ಬುದ್ಧಿ ಎಲ್ಲಿಂದ ಬರಬೇಕು? ಕಂಡದ್ದನ್ನು ಹೇಳುತ್ತೇನೆ. ನಂಬದವರು ಒಂದು ಅಮಾವಾಸ್ಯೆ ನಮ್ಮ ಮಡುವಿನ ದಂಡೆಗೆ ಒಬ್ಬರೇ ಬಂದು ಕೂತುಕೊಳ್ಳಲಿ.

ನಮ್ಮದು ಕಂಪ್ಲಿಗಿಂತ ಮೇಲೆ, ತುಂಗಭದ್ರೆಯ ದಂಡೆಯ ಊರು. ಮೀನು ಹಿಡಿಯುವ ಮನೆತನ. ಹಂಪಿಯ ಬಂಡೆಗಳ ನಡುವೆ ಉಸಿರು ಕಟ್ಟಿಕೊಂಡು ಬರುವ ಹೊಳೆ ನಮ್ಮಲ್ಲಿಗೆ ಬಂದಾಗ ಕೈಕಾಲು ಚಾಚಿ ಮಲಗುತ್ತದೆ. ಮಳೆಗಾಲದಲ್ಲಿ ಡ್ಯಾಮಿನ ಗೇಟು ಎತ್ತಿದರೆ ನೀರು ಬಾಳೆತೋಟ, ಭತ್ತದ ಗದ್ದೆ ಎಲ್ಲ ತುಳಿದುಕೊಂಡು ಬರುತ್ತದೆ. ಇಳಿದಾಗ ತಗ್ಗು ತಗ್ಗಿನಲ್ಲಿ ಮೀನು ಬಿಟ್ಟು ಹೋಗುತ್ತದೆ. ಕೊಕ್ಕರೆಗಳು ಅದಕ್ಕೆ ಮುಗಿಬೀಳುತ್ತವೆ. ನಡುಗಡ್ಡೆಯ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯುತ್ತವೆ. ಬಂಡೆ ಸಂದಿಯಲ್ಲಿ, ಜೊಂಡಿನಲ್ಲಿ ನೀರುನಾಯಿಗಳು.

ನೀರುನಾಯಿ ಹೆಸರಿಗೆ ಮಾತ್ರ ನಾಯಿ. ಬೆಕ್ಕಿನ ಮೀಸೆ, ಹಾವಿನ ಮೈ, ಹಸುಗೂಸಿನ ಕೈ. ಹೌದು, ಕೈ. ಮೀನನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುವುದನ್ನು ನೋಡಿದವರು ಅದನ್ನು ಕಾಲು ಎನ್ನಲಾರರು.

ಹಿಂದೆ ಅವಕ್ಕೂ ನಮಗೂ ಒಂದು ಕಟ್ಟಳೆ ಇತ್ತು. ನೀರುನಾಯಿಗಳು ಸಾಲು ಕಟ್ಟಿ ಮೀನನ್ನು ದಂಡೆಗೆ ಅಟ್ಟಿಕೊಂಡು ಬರುತ್ತಿದ್ದವು. ನಮ್ಮ ಗಂಡಸರು ಅಲ್ಲಿ ಬಲೆ ಹಿಡಿದು ನಿಲ್ಲುತ್ತಿದ್ದರು. ಬಲೆ ಎಳೆದ ಮೇಲೆ ಮೊದಲ ಮೀನು ನಮ್ಮದಲ್ಲ. ಅದನ್ನು ಮಡುವಿನ ಚಪ್ಪಟೆ ಬಂಡೆಯ ಮೇಲೆ, ತಲೆ ನೀರಿನ ಕಡೆಗೆ ಮಾಡಿ ಇಟ್ಟು ಬರಬೇಕು. ಅದಕ್ಕೇ ಆ ಬಂಡೆಗೆ ಪಾಲುಬಂಡೆ ಎಂದು ಹೆಸರು. ಬೇಟೆಯನ್ನು ಅಟ್ಟಿಕೊಟ್ಟವರಿಗೆ ಪಾಲು, ಅದೇ ಕಟ್ಟಳೆ.

ನನ್ನ ಗಂಡ ಇದ್ದಾಗ ಒಂದು ಮಾತು ಹೇಳುತ್ತಿದ್ದ. "ನಾವು ಅಟ್ಟಿಕೊಟ್ರ ಅವೂ ನಮಗ ಪಾಲು ಇಡ್ತಾವ. ಇಟ್ಟಾಗ ಬ್ಯಾಡ ಅನ್ನಬಾರದು. ಬ್ಯಾಡ ಅಂದ್ರ ಹೊಳಿ ಕೂಡ ಜಗಳ."

"ನಿಮಗ ಯಾವಾಗ ಇಟ್ಟಿದ್ವು? ತಾಟಿನ್ಯಾಗ ಹಾಕಿ ಕೊಟ್ಟಿದ್ವೇನು?" ಎಂದು ನಾನು ನಗುತ್ತಿದ್ದೆ.

ಅವನು ಹೋದ. ಆಮೇಲೆ ಗಣಿ ಬಂತು. ಸಂಡೂರಿನ ಗುಡ್ಡಗಳನ್ನು ಅಗೆದಗೆದು ಲಾರಿಗೆ ತುಂಬಿದರು. ಹೊಸಪೇಟೆ ದಾರಿಯ ಮರಗಳ ಎಲೆ ಎಲ್ಲ ಕೆಂಪು, ಒಣಹಾಕಿದ ಸೀರೆ ಕೆಂಪು, ಉಗುಳಿದರೆ ಉಗುಳೂ ಕೆಂಪು. ಊರಿನ ಹುಡುಗರು ಬಲೆ ಬಿಟ್ಟು ಗುಡ್ಡ ಹತ್ತಿದರು. ನನ್ನ ಮಗ ಹನುಮನೂ ಹತ್ತಿದ. ಕಲ್ಲು ಸಿಡಿಸುವವರ ಕೈಕೆಳಗೆ ಕೆಲಸ. ಅಲ್ಲಿಂದ ಮದ್ದು ತುಂಬಿದ ತೋಟಾ ಕದ್ದು ತರುವುದನ್ನು ಕಲಿತ. ಮಡುವಿಗೆ ಒಂದು ಎಸೆದರೆ ಸಾಕು, ಬಲೆ ಬೇಡ, ನೀರುನಾಯಿ ಬೇಡ, ಪಾಲೂ ಬೇಡ.

ಶಿವರಾತ್ರಿ ಕಳೆದು ಹೊಳೆ ಇಳಿದಿತ್ತು. ಆ ಸಂಜೆ ಹನುಮ ಪಡಸಾಲೆಯಲ್ಲಿ ಕೂತು ತೋಟಾಗಳನ್ನು ಅರ್ಧರ್ಧ ಕತ್ತರಿಸಿ ಬತ್ತಿ ಸಿಕ್ಕಿಸುತ್ತಿದ್ದ. ಮರುದಿನ ಗಣಿಯ ಕ್ಯಾಂಪಿನಲ್ಲಿ ಸಾಹೇಬರ ಊಟ. ಮೀನು ತಂದುಕೊಟ್ಟರೆ ಇವನಿಗೆ ಲಾರಿ ಕೊಡಿಸುತ್ತೇನೆ, ಡ್ರೈವರ್ ಮಾಡುತ್ತೇನೆ ಎಂದು ಮೇಸ್ತ್ರಿ ಮಾತು ಕೊಟ್ಟಿದ್ದ. ಹನುಮ ಸ್ಟೇರಿಂಗ್ ಹಿಡಿಯುವುದನ್ನು ಕಲಿತು ಕನಸಿನಲ್ಲೂ ಗೇರು ಬದಲಿಸುತ್ತಿದ್ದ.

ಸೊಸೆ ಹುಲಿಗೆಮ್ಮ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತು ಗೊಣಗಿದಳು. "ಕೈ ಹಾರಿ ಹೋದ್ರ ಲಾರಿ ಏನು ಕಾಲಿಲೆ ಹೊಡಿತೀರೇನು?"

"ಕೈ ಹೋಗೋದು ಬತ್ತಿ ಗಿಡ್ಡ ಇಟ್ಟ ದಡ್ಡರದು," ಎಂದ ಹನುಮ. "ನಂದು ನೋಡು, ಎಷ್ಟುದ್ದ ಐತಿ. ಗಣಿ ಬತ್ತಿ, ನೀರಾಗೂ ಉರಿತೈತಿ. ನಿಧಾನಕ ತಳ ಮುಟ್ಟಿ ಢಂ ಅಂತೈತಿ. ಅಷ್ಟೊತ್ತಿಗೆ ನಾ ಬೀಡಿ ಸೇದಿ ಮುಗಿಸಿರ್ತೀನಿ."

"ಯಾವ ಮಡುವಿಗೆ ಹೊಂಟೀಯಲೇ?" ಎಂದು ನಾನು ಕೇಳಿದೆ.

"ಪಾಲುಬಂಡಿ ಮಡುವಿಗೆ. ಉಳಿದ ಕಡೆ ಏನು ಉಳಿದೈತಿ?"

"ಅಲ್ಲಿ ನೀರುನಾಯಿ ಮರಿ ಹಾಕ್ಯಾವ. ನಿಮ್ಮಪ್ಪ ಈ ದಿನದಾಗ ಅಲ್ಲಿ ಬಲೀನೂ ಒಗೀತಿರಲಿಲ್ಲ."

"ಅದಕ್ಕ ನಮ್ಮಪ್ಪ ಹರಕು ಲುಂಗ್ಯಾಗ ಸತ್ತ. ಬಾರಬೇ, ನೀ ಹುಟ್ಟು ಹಾಕು. ಕತ್ತಲಾಗ ಆ ಕಲ್ಲು ನನಗ ಗೊತ್ತಾಗಂಗಿಲ್ಲ."

ಹೋದೆ. ಹೋಗದಿದ್ದರೆ ಒಬ್ಬನೇ ಹೋಗಿ ಬಂಡೆಗೆ ಹೊಡೆಸಿಕೊಂಡು ಮುಳುಗುತ್ತಿದ್ದ. ಆ ಮಡುವಿನ ಒಂದೊಂದು ಕಲ್ಲೂ ನನಗೆ ಗೊತ್ತು.

ಚಂದ್ರ ಇರಲಿಲ್ಲ. ದೂರದ ರಸ್ತೆಯಲ್ಲಿ ಅದಿರು ಲಾರಿಗಳ ಸದ್ದು, ಹತ್ತಿರದಲ್ಲಿ ಕಪ್ಪೆಗಳ ಸದ್ದು. ಹರಿಗೋಲಿಗೆ ಬಳಿದ ಡಾಂಬರಿನ ವಾಸನೆ, ಕೊಳೆತ ಜೊಂಡಿನ ವಾಸನೆ. ಹನುಮ ಬೀಡಿಯಿಂದ ಬತ್ತಿಗೆ ಬೆಂಕಿ ಮುಟ್ಟಿಸಿ ಎಸೆದ.

ಸದ್ದು ಕಿವಿಗೆ ಬರಲಿಲ್ಲ, ಹೊಟ್ಟೆಗೆ ಬಂತು. ನೀರು ಹೆಂಚಿನ ಮೇಲಿನ ರೊಟ್ಟಿಯಂತೆ ಒಮ್ಮೆ ಉಬ್ಬಿ ಒಡೆಯಿತು. ಆಮೇಲೆ ಬಿಳಿ ಹೊಟ್ಟೆಗಳು ಒಂದೊಂದಾಗಿ ಮೇಲೆ ಬಂದವು. ಕಾಟ್ಲಾ, ಬಾಳೆಮೀನು, ಹೆಸರೂ ಬೇಡದ ಸಣ್ಣ ಮರಿಮೀನು. ಹನುಮ ಹಾಡುತ್ತಾ ಬಾಚಿ ಬಾಚಿ ಹರಿಗೋಲಿಗೆ ತುಂಬಿದ.

ಹಾಡು ನಿಂತಿತು. "ನೋಡಬೇ ಇಲ್ಲಿ."

ಟಾರ್ಚಿನ ಬೆಳಕಿನಲ್ಲಿ ಒಂದು ನೀರುನಾಯಿ ಮರಿ ತೇಲುತ್ತಿತ್ತು. ಮೂಗಿನಲ್ಲಿ ರಕ್ತ. ಎರಡೂ ಕೈ ಎದೆಯ ಮೇಲಿದ್ದವು. ಹನುಮ ಅದನ್ನು ಬಾಲ ಹಿಡಿದು ಎತ್ತಿದ.

"ಅಪ್ಪನ ಪಾಲುದಾರ ಬಂದಾನ!" ಎಂದು ನಕ್ಕ.

"ಬಿಡಲೇ ಅದನ್ನ. ನೀರಿಗೆ ಬಿಡು."

ಅವನು ಬಿಡಲಿಲ್ಲ. ಗಿರಗಿರನೆ ತಿರುಗಿಸಿ ಪಾಲುಬಂಡೆಯ ಮೇಲೆ ಎಸೆದ. ಹಸಿ ಬಟ್ಟೆ ಒಗೆದಂಥ ಸದ್ದು. "ತಗೊಳ್ರಿ! ನಿಮ್ಮ ಪಾಲು!" ಎಂದು ಕತ್ತಲೆಗೆ ಕೂಗಿದ.

ಕಪ್ಪೆಗಳು ನಿಂತವು...

ಎಲ್ಲವೂ ಒಟ್ಟಿಗೆ ನಿಂತವು, ಯಾರೋ ಬಾಯಿಗೆ ಕೈ ಒತ್ತಿದ ಹಾಗೆ. ಆ ಮೌನದಲ್ಲಿ ಬಂಡೆಯ ಆಚೆಯಿಂದ ಒಂದು ಸಿಳ್ಳೆ ಬಂತು. ಸಣ್ಣದು. ನಮ್ಮ ಬೆನ್ನ ಹಿಂದಿನಿಂದ ಇನ್ನೊಂದು ಉತ್ತರ ಕೊಟ್ಟಿತು. ಆಮೇಲೆ ಜೊಂಡಿನಿಂದ. ಆಮೇಲೆ ಹರಿಗೋಲಿನ ಬುಡದಿಂದಲೇ.

"ದಂಡಿಗೆ ಹೋಗೋಣು ನಡಿ," ಎಂದು ಹುಟ್ಟು ಹಾಕಿದೆ. ಹರಿಗೋಲು ದಂಡೆಗೆ ಹೋಗಲಿಲ್ಲ. ಸುತ್ತತೊಡಗಿತು. ಹರಿಗೋಲು ದುಂಡಗಿರುತ್ತದೆ, ಹುಟ್ಟು ತಪ್ಪಿದರೆ ಸುತ್ತುತ್ತದೆ, ಅದು ನನಗೂ ಗೊತ್ತು. ಆದರೆ ನಾನು ಹುಟ್ಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಆಗಲೂ ಸುತ್ತಿತು. ಸುತ್ತುತ್ತಾ ಸುತ್ತುತ್ತಾ ಪಾಲುಬಂಡೆಗೆ ಪ್ರದಕ್ಷಿಣೆ ಹಾಕಿತು. ಅಲ್ಲಿ ಸೆಳವಿಲ್ಲ. ನಿಂತ ನೀರು.

ಹನುಮ ಬಂಡೆಯ ಮೇಲೆ ಟಾರ್ಚು ಬಿಟ್ಟ. ಮರಿ ಇರಲಿಲ್ಲ. ಮರಿ ಬಿದ್ದಲ್ಲಿ ಹಸಿ ಕೈಗುರುತುಗಳು. ಬಂಡೆ ತುಂಬ. ಎಲ್ಲವೂ ನಮ್ಮ ಕಡೆಗೆ ತಿರುಗಿದ್ದವು.

"ಯವ್ವಾ, ಇವನ್ನ ಓಡಿಸ್ತೀನಿ ತಡಿ." ಇನ್ನೊಂದು ತೋಟಾ ಹೊತ್ತಿಸಿದ. ಶಕ್ತಿ ಇದ್ದಷ್ಟೂ ದೂರ ಎಸೆದ. ಬುಳುಕ್ ಎಂದು ಮುಳುಗಿತು.

ನೀರಿನಲ್ಲಿ ಉರಿಯುವ ಬತ್ತಿ ಗುಳ್ಳೆ ಬಿಡುತ್ತದೆ. ಗುಳ್ಳೆ ಒಡೆದಲ್ಲಿ ಮದ್ದಿನ ಹೊಗೆ ಏಳುತ್ತದೆ. ತೋಟಾ ತಳದಲ್ಲಿ ಇದ್ದರೆ ಗುಳ್ಳೆ ಒಂದೇ ಕಡೆ ಏಳಬೇಕು. ನಾನು ಟಾರ್ಚು ಕಸಿದುಕೊಂಡು ನೋಡಿದೆ.

ಗುಳ್ಳೆ ನಡೆಯುತ್ತಿತ್ತು.

ನೆಟ್ಟಗೆ ನಮ್ಮ ಕಡೆಗೆ... ಅವಸರವಿಲ್ಲದೆ... ಗುಳ್ಳೆಯ ಹಿಂದೆ ಗುಳ್ಳೆ. ಅದರ ಎರಡೂ ಪಕ್ಕಕ್ಕೆ ನೀರು ಸೀಳುತ್ತಿತ್ತು. ಹಿಂದೆ ಮೀನನ್ನು ಅಟ್ಟಿಕೊಂಡು ಬರುತ್ತಿದ್ದಾಗ ಸೀಳುತ್ತಿದ್ದಂತೆಯೇ, ಸಾಲುಸಾಲಾಗಿ. ಟಾರ್ಚನ್ನು ಅದರ ಮೇಲೇ ಹಿಡಿದು ಕೂತೆ.

ಹರಿಗೋಲಿನ ಅಂಚಿಗೆ ಎರಡು ಕೈ ಬಂದವು. ಕಪ್ಪು, ಸಣ್ಣವು, ಬೆರಳ ನಡುವೆ ತೊಗಲು. ತೋಟಾವನ್ನು ಮೀನಿನ ರಾಶಿಯ ಮೇಲೆ ಇಟ್ಟವು. ಎಸೆಯಲಿಲ್ಲ, ಇಟ್ಟವು. ಉರಿಯುವ ಬತ್ತಿಯ ತುದಿ ನೀರಿನ ಕಡೆಗೆ ಬರುವ ಹಾಗೆ ಒಮ್ಮೆ ಸರಿಪಡಿಸಿದವು. ಆಮೇಲೆ ಸದ್ದಿಲ್ಲದೆ ಇಳಿದವು.

ಬತ್ತಿ ಇನ್ನೂ ಸುಯ್ಯೆನ್ನುತ್ತಿತ್ತು. ಉದ್ದ ಬಿಟ್ಟಿದ್ದನಲ್ಲ.

ಹನುಮ ಬಲಗೈಯಿಂದ ಅದನ್ನು ಎತ್ತಿ ಕೈಯನ್ನು ಹೊರಗೆ ಚಾಚಿದ...

ಬೆಳಕು ಕಂಡೆ, ಸದ್ದು ನೆನಪಿಲ್ಲ. ಮುಖಕ್ಕೆ ಬಿಸಿ ಬಿಸಿಯಾಗಿ ಏನೋ ಹೊಡೆಯಿತು. ಕಣ್ಣು ಒರೆಸಿಕೊಂಡಾಗ ಅವನು ಮೀನಿನ ಮೇಲೆ ಬಿದ್ದಿದ್ದ. ಮಣಿಕಟ್ಟಿನ ಕೆಳಗೆ ಏನೂ ಇರಲಿಲ್ಲ. ಸೆರಗು ಹರಿದು ಎಳೆದು ಕಟ್ಟಿದೆ. ಅವನು ಅಳಲಿಲ್ಲ. "ಯವ್ವಾ, ಗೇರು..." ಎಂದ. ಅಷ್ಟೇ.

ಹರಿಗೋಲು ಸುತ್ತುವುದನ್ನು ಆಗ ನಿಲ್ಲಿಸಿತು. ನಾನು ಹುಟ್ಟು ಮುಟ್ಟಲಿಲ್ಲ. ಅದು ತಾನೇ ದಂಡೆಗೆ ಹೋಯಿತು, ಜೋರಾಗಿ, ಯಾರೋ ಕೆಲಸ ಮುಗಿಸಿ ಹಿಂದಿನಿಂದ ದೂಡಿದ ಹಾಗೆ. ಒಂದು ಸಿಳ್ಳೆಯೂ ಇರಲಿಲ್ಲ. ಕಪ್ಪೆಗಳು ಮತ್ತೆ ಶುರು ಮಾಡಿದವು.

ನನ್ನ ಕೂಗಿಗೆ ಊರವರು ಬಂದರು. ರಸ್ತೆಗೆ ಹೊತ್ತೊಯ್ದು ಒಂದು ಅದಿರು ಲಾರಿ ನಿಲ್ಲಿಸಿದರು. ಹನುಮ ಕೊನೆಗೂ ಲಾರಿಯ ಮುಂದಿನ ಸೀಟಿನಲ್ಲಿ ಕೂತ, ಹುಲಿಗೆಮ್ಮನ ತೊಡೆಯ ಮೇಲೆ ತಲೆಯಿಟ್ಟು. "ಅತ್ತೀ, ಕೂಸು ಮನಿಯಾಗ ಒಂದ ಐತಿ, ನೀವು ಹೋಗ್ರಿ," ಎಂದಳು. ನನ್ನ ಮುಖ ನೋಡಲಿಲ್ಲ. ಲಾರಿ ಹೊಸಪೇಟೆಗೆ ಹೋಯಿತು.

ಬೆಳಕು ಹರಿಯುವಾಗ ಹರಿಗೋಲು ತರಲು ಹೋದೆ. ಅದು ಬಿಟ್ಟಲ್ಲೇ ಇತ್ತು. ಒಳಗೆ ಒಂದು ಮೀನೂ ಇರಲಿಲ್ಲ. ರಕ್ತವೂ ಇರಲಿಲ್ಲ. ತಿಕ್ಕಿ ತೊಳೆದಿಟ್ಟ ಪಾತ್ರೆಯಂತಿತ್ತು.

ಪಾಲುಬಂಡೆಯ ಮೇಲೆ ಏನೋ ಹೊಳೆಯುತ್ತಿತ್ತು. ಬಂಡೆಯ ದಂಡೆ ಬದಿಗೆ ಮೊಣಕಾಲುದ್ದ ನೀರು, ಹುಟ್ಟು ಊರಿಕೊಂಡು ನಡೆದು ಹೋದೆ. ಒಂದು ಕಾಟ್ಲಾ. ಜೀವಂತ. ಕಿವಿರು ಆಡುತ್ತಿತ್ತು, ಮೈಮೇಲೆ ಒಂದು ಹಲ್ಲಿನ ಗುರುತೂ ಇಲ್ಲ. ತಲೆ ದಂಡೆಯ ಕಡೆಗೆ, ನಮ್ಮ ಮನೆಯ ಕಡೆಗೆ ಮಾಡಿ ಇಟ್ಟಿದ್ದರು.

ಬೇಟೆಯನ್ನು ಅಟ್ಟಿಕೊಟ್ಟವರಿಗೆ ಪಾಲು. ರಾತ್ರಿ ಅವನನ್ನು ಮಡುವಿನ ನಡುವಿನವರೆಗೆ ಹುಟ್ಟು ಹಾಕಿ ತಂದವಳು ನಾನೇ ಅಲ್ಲವೇ.

ಹುಟ್ಟಿನಿಂದ ಆ ಮೀನನ್ನು ನೀರಿಗೆ ದೂಡಿದೆ. ಅದು ಬಾಲ ಬಡಿದು ಮುಳುಗಿತು. ತಿರುಗಿ ನಡೆದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಬೆನ್ನ ಹಿಂದೆ ಥಪ್ ಎಂದಿತು.

ಅದೇ ಮೀನು. ಅದೇ ಜಾಗ. ತಲೆ ಮನೆಯ ಕಡೆಗೆ. ಜೊಂಡು ಅಲ್ಲಾಡುತ್ತಿತ್ತು, ಗಾಳಿ ಇರಲಿಲ್ಲ.

ಬೇಡ ಅನ್ನಬಾರದು, ಅಂದರೆ ಹೊಳೆಯ ಕೂಡ ಜಗಳ ಎಂದಿದ್ದ ಗಂಡ. ಮನೆಯಲ್ಲಿ ಕೂಸು ಒಂದೇ ಇತ್ತು.

ಎರಡೂ ಕೈ ಚಾಚಿ ತೆಗೆದುಕೊಂಡೆ. ಮನೆಗೆ ತಂದು ಸವರಿ, ಕೊಯ್ದು, ಖಾರ ಅರೆದು ಸಾರು ಮಾಡಿದೆ. ವಾಸನೆಗೆ ಮೊಮ್ಮಗಳು ಎದ್ದು ಕಣ್ಣುಜ್ಜುತ್ತಾ ಒಲೆಯ ಹತ್ತಿರ ಬಂದಳು.

"ಅಜ್ಜೀ, ಮೀನು? ನನಗ?"

"ಇದು ನಿನ್ನ ಪಾಲಲ್ಲ. ನಿನಗ ಗಂಜಿ ಐತಿ."

"ಒಂದ ತುಂಡಬೇ..."

ಅವಳ ಕೈಗೆ ಸೌಟಿನಿಂದ ಒಂದು ಏಟು ಕೊಟ್ಟೆ. ಅಳುತ್ತಾ ಹೊರಗೆ ಹೋದಳು. ನಾನು ಬಾಗಿಲು ಹಾಕಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಕೂತು ತಲೆ, ಬಾಲ, ಎಲ್ಲವನ್ನೂ ಒಬ್ಬಳೇ ತಿಂದೆ. ಮುಳ್ಳನ್ನೂ ಬಿಡಲಿಲ್ಲ, ಅಗಿದೆ.